ಕೇಬಲ್ ಉದ್ದ ಆದ್ರೆ ಸೌಂಡ್ ಲೇಟಾಗ್ತದಾ? ಹಾಕಿ ಗ್ರೌಂಡಲ್ಲಿ ನನ್ನ ಅನುಭವ

ಏಪ್ರಿಲಲ್ಲಿ ಗೋಣಿಕೊಪ್ಪದ ಕಡೆ ಒಂದು ಹಾಕಿ ಟೂರ್ನಮೆಂಟ್ ಕೆಲಸ ಸಿಕ್ತು. ಕಾಮೆಂಟ್ರಿ, ಮಿಕ್ಸರ್, ಮೇನ್ ಸ್ಪೀಕರ್ ಎಲ್ಲಾ ಈಚೆ ತುದಿ, ಆಚೆ ಗೋಲ್ ಪೋಸ್ಟ್ ಹಿಂದೆ ಎರಡು ಸ್ಪೀಕರ್ ಟವರ್. ಗ್ರೌಂಡ್ 91 ಮೀಟರ್ ಉದ್ದ, ಮಧ್ಯದಲ್ಲಿ ವೈರ್ ಎಳೆಯೋ ಹಾಗಿಲ್ಲ, ಗ್ಯಾಲರಿ ಹಿಂದಿಂದ ಸುತ್ತಿ ಹೋದ್ರೆ 180 ಮೀಟರ್ ಆಗ್ತದೆ. ನಮ್ಮ ಲೈನಲ್ಲಿ ಸೀನಿಯರ್ ಒಬ್ರು ಇದ್ದಾರೆ, ವಿರಾಜಪೇಟೆಯವರು, "ಅಷ್ಟುದ್ದ ಡಿಜಿಟಲ್ ಎಳೆದ್ರೆ ಸೌಂಡ್ ಲೇಟಾಗ್ತದೆ, ಸುಮ್ನೆ ಅನಲಾಗ್ ಹಾಕು ಮಾರಾಯ" ಅಂದ್ರು. ಅನಲಾಗ್ ಹಾಕಿ ಜನರೇಟರಿನ ಗುಂಯ್ ಅನ್ನೋ ಹಮ್ ಕೇಳ್ತಾ ಕೂತ ವರ್ಷಗಳು ಅವ್ರಿಗೆ ಮರ್ತಿರ್ಬೇಕು.

ಆದ್ರೆ ನಾನೂ ಒಂದೇ ಸಲಕ್ಕೆ ಗೆದ್ದಿಲ್ಲ. ಹಿಂದಿನ ವರ್ಷ ಎಇಎಸ್50ಯಲ್ಲಿ (ಮಿಕ್ಸರಿಂದ ಡಿಜಿಟಲ್ ಸೌಂಡ್ ಒಯ್ಯೋ ಒಂದು ಪದ್ಧತಿ) ಎರಡು ಕೇಬಲ್ ಕಪ್ಲರ್ ಹಾಕಿ ಜೋಡಿಸಿ 130 ಮೀಟರ್ ಎಳೆದಿದ್ದೆ, ಸಿಂಕ್ ಲೈಟ್ ಕೆಂಪಿಂದ ಹಸಿರಾಗ್ಲೇ ಇಲ್ಲ. ಮಧ್ಯ ಒಂದು ನೆಟ್ವರ್ಕ್ ಸ್ವಿಚ್ (ಕಂಪ್ಯೂಟರ್ ಕೇಬಲ್ಗಳನ್ನ ಜೋಡಿಸೋ ಪೆಟ್ಟಿಗೆ) ಇಟ್ರೆ ಆಗ್ತದೆ ಅಂತ ಇಟ್ಟೆ, ಸ್ವಿಚ್ಚಿಗೆ ಆ ಭಾಷೆಯೇ ಗೊತ್ತಿಲ್ಲ ಅಂತ ತಿಳಿಯೋ ಹೊತ್ತಿಗೆ ಬೆಳಗಿನ ಜಾವ 3 ಗಂಟೆ.

ಆಮೇಲೆ ಮಿಕ್ಸರಿಗೆ ಡಾಂಟೆ ಕಾರ್ಡ್, ಕಂಪ್ಯೂಟರ್ ನೆಟ್ವರ್ಕಿನ ಮೂಲಕ ಸೌಂಡ್ ಕಳಿಸೋ ಪದ್ಧತಿ ಅದು. ಕ್ಯಾಟ್ 6 ನೆಟ್ವರ್ಕ್ ಕೇಬಲಿನ ಬಾಕ್ಸ್ ಅಗ್ಗಕ್ಕೆ ಸಿಕ್ತು, 305 ಮೀಟರಿಗೆ ನಾಲ್ಕು ಸಾವಿರ ಚಿಲ್ರೆ. ಕಾಫಿ ಕಣದಲ್ಲಿ ಬಿಚ್ಚಿ ಟೆಸ್ಟ್ ಮಾಡಿದ್ರೆ 70 ಮೀಟರಲ್ಲೇ ಗಿಗಾಬಿಟ್ ವೇಗ ಹೋಗಿ 100 ಮೆಗಾಬಿಟ್ಟಿಗೆ ಇಳೀತು. ಬ್ಲೇಡಲ್ಲಿ ಕೆರೆದು ನೋಡ್ತೇನೆ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಬಣ್ಣ. ಈಗ ಅದ್ರಲ್ಲಿ ಅಮ್ಮ ಕಾಳುಮೆಣಸು ಬಳ್ಳಿ ಕಟ್ತಾರೆ.

ಒಳ್ಳೇ ತಾಮ್ರ ತಂದೆ, ಒಂದೇ ಎಳೆತಕ್ಕೆ 180 ಮೀಟರ್ ಆಗಲ್ಲ ಅಂತ ಗ್ಯಾಲರಿ ಹಿಂದೆ ಸ್ವಿಚ್ ಇಟ್ಟೆ, 90 ಮತ್ತೆ 90. ಆವಾಗ ಪ್ರತಿ ಎರಡು ಮೂರು ನಿಮಿಷಕ್ಕೆ ಟಿಕ್ ಅಂತ ಶಬ್ದ, ಗ್ರೀನ್ ಇಥರ್ನೆಟ್ (ಸ್ವಿಚ್ಚಿನ ಕರೆಂಟ್ ಉಳಿಸೋ ಸೆಟ್ಟಿಂಗ್) ಆಫ್ ಮಾಡೋದು ಮರ್ತಿದ್ದೆ, ತಪ್ಪು ನಂದೇ. ಅದು ಸರಿಯಾಯ್ತು ಅನ್ನೋಷ್ಟರಲ್ಲಿ ಟೀ ಅಂಗಡಿಯವ್ರು ಸ್ವಿಚ್ಚಿನ ಪ್ಲಗ್ ಕಿತ್ತು ಕೆಟಲ್ ಹಾಕಿದ್ರು. ಟವರ್ ಎರಡೂ ಸೈಲೆಂಟ್. ಸಾಯಂಕಾಲ ಗುಡುಗು ಮಿಂಚು ಬಂದು ಎರಡು ಪೋರ್ಟ್ ಬೇರೆ ಹೋಯ್ತು.

ಅವತ್ತೇ ಫೈಬರ್ (ಗಾಜಿನ ಎಳೆಯಲ್ಲಿ ಬೆಳಕು ಓಡಿಸೋ ಕೇಬಲ್) ಅಂತ ತೀರ್ಮಾನ ಮಾಡ್ದೆ. 250 ಮೀಟರ್ ಆರ್ಮರ್ಡ್ (ಗಟ್ಟಿ ಕವಚದ) ಮಲ್ಟಿಮೋಡ್ ಫೈಬರ್, ಅದನ್ನ ಸುತ್ತೋ ಡ್ರಮ್, ಎರಡು ಎಸ್‌ಎಫ್‌ಪಿ (ಸ್ವಿಚ್ಚಿಗೆ ಫೈಬರ್ ಜೋಡಿಸೋ ತುಣುಕು) ಎಲ್ಲಾ ಸೇರಿ 24 ಸಾವಿರ ಹತ್ರ ಆಯ್ತು. ಗಿಗಾಬಿಟ್ಟಿಗೆ 550 ಮೀಟರ್ ತನಕ ತಲೆನೋವಿಲ್ಲ, ಮಧ್ಯ ಪ್ಲಗ್ ಬೇಡ, ಸಿಡಿಲಿನ ಕರೆಂಟ್ ಗಾಜಲ್ಲಿ ಹೋಗಲ್ಲ.

ಸೀನಿಯರ್ ಬಂದಾಗ ಎರಡು ಸ್ಪೀಕರ್ ಪಕ್ಕಪಕ್ಕ ಇಟ್ಟೆ. ಒಂದಕ್ಕೆ 5 ಮೀಟರ್ ಅನಲಾಗ್, ಇನ್ನೊಂದಕ್ಕೆ ಇಡೀ ಡ್ರಮ್ಮಿನ ಮೂಲಕ ಡಾಂಟೆ, ಲೇಟೆನ್ಸಿ, ಅಂದ್ರೆ ಬೇಕಂತಲೇ ಇಡೋ ತಡ, 1 ಮಿಲಿಸೆಕೆಂಡ್. ಒಂದೊಂದೇ ಹಾಕಿದ್ರೆ ಅವ್ರಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ. ಎರಡೂ ಒಟ್ಟಿಗೆ ಹಾಕಿದಾಗ ಸೌಂಡ್ ಟೊಳ್ಳಾಯ್ತು, "ನೋಡು, ಲೇಟ್!" ಅಂದ್ರು. ಅನಲಾಗ್ ಸ್ಪೀಕರನ್ನ ಒಂದೂವರೆ ಅಡಿ ಹಿಂದಕ್ಕೆ ಎಳೆದೆ, ಸರಿಹೋಯ್ತು. ಆ ಲೇಟು ಸ್ವಿಚ್ಚು, ಸೆಟ್ಟಿಂಗು, ಕನ್ವರ್ಟರಿಂದು, 250 ಮೀಟರ್ ಗಾಜಿನ ಪಾಲು ಅದ್ರಲ್ಲಿ ಒಂದು ಮೈಕ್ರೋಸೆಕೆಂಡ್ ಚಿಲ್ರೆ ಅಷ್ಟೆ. ಲೇಟೆನ್ಸಿ 0.25 ಮಿಲಿಸೆಕೆಂಡಿಗೂ ಇಳಿಸಿ ನೋಡ್ದೆ, ಎರಡೇ ಸ್ವಿಚ್ ಅಲ್ವಾ, ನಿಂತ್ಕೊಳ್ತು, ಆದ್ರೆ ಕಾಮೆಂಟ್ರಿಗೆ ಯಾಕೆ ಬೇಕು ಆ ಶೋಕಿ. ವೈಫೈ ಬ್ರಿಡ್ಜಲ್ಲೂ ಒಂದಿನ ಆಟ ಆಡಿದ್ದೆ, ಎರಡೂ ಕಡೆಯ ತಾಳ ಹಿಡಿಯೋ ಕ್ಲಾಕ್ ಚೆಲ್ಲಾಪಿಲ್ಲಿ, ಕೇಳೋಕಾಗಲ್ಲ.

ನಿಜವಾದ ಲೇಟು ಗಾಳೀಲಿ. ಮೇನ್ ಸ್ಪೀಕರಿಂದ ಟವರಿಗೆ 90 ಮೀಟರ್ ಚಿಲ್ರೆ ಅಂದ್ರೆ ಸುಮಾರು 260 ಮಿಲಿಸೆಕೆಂಡ್, ಟವರಿನ ಸೌಂಡನ್ನ ಅಷ್ಟು ತಡ ಮಾಡಿ ಬಿಡ್ಬೇಕು. ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ ಸೆಟ್ ಮಾಡಿದ್ದು ರಾತ್ರಿ 18ಕ್ಕೆ ಇಳಿದ್ರೆ 5 ಮಿಲಿಸೆಕೆಂಡ್ ತಪ್ಪುತ್ತೆ, ಹಾಗಾಗಿ ದಿನಕ್ಕೆ ಎರಡು ಸಲ ತಿದ್ದುತ್ತೇನೆ. ಅಳತೆ ಮೇಲೆ ಇನ್ನೆಷ್ಟು ಸೇರಿಸಿದ್ರೆ ಮಾತು ಕಾಮೆಂಟ್ರಿ ಬಾಕ್ಸ್ ಕಡೆಯಿಂದಲೇ ಬಂದ ಹಾಗೆ ಅನ್ಸುತ್ತೆ ಅನ್ನೋದು ಮಾತ್ರ ನಿಮ್ಮ ಕಿವಿಗೆ ಬಿಟ್ಟಿದ್ದು.

ಮೊನ್ನೆ ಸೀನಿಯರ್ ಫೋನ್ ಮಾಡಿದ್ರು, ದಸರಾಕ್ಕೆ ಡ್ರಮ್ ಬಾಡಿಗೆಗೆ ಬೇಕಂತೆ. ದಿನಕ್ಕೆ 1,500 ಅಂದೆ, ಕನೆಕ್ಟರ್ ಮುಚ್ಚಳ ಕಳೆದ್ರೆ ಅದು ಬೇರೆ.