ಥಂಡರ್‌ಬೋಲ್ಟ್ ಹಾರುವ ಮುನ್ನ, ಇಳಿದ ಮೇಲೆ: ನೆಲದ ಮೇಲಿನ ಕೆಲಸ

1944ರ ಬೇಸಿಗೆಯಲ್ಲಿ ಫ್ರಾನ್ಸಿನ ನಾರ್ಮಂಡಿಯ ತಾತ್ಕಾಲಿಕ ರನ್‌ವೇಗಳಿಂದ ಹಾರುತ್ತಿದ್ದ ಅಮೆರಿಕದ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳಲ್ಲಿ ಸಾಮಾನ್ಯವಾಗಿ ಒಂದು ವಿಮಾನಕ್ಕೆ ಮೂವರು: ವಿಮಾನದ ಹೊಣೆ ಹೊತ್ತ ಮುಖ್ಯ ಮೆಕ್ಯಾನಿಕ್ ಆದ ಕ್ರೂ ಚೀಫ್, ಅವನ ಸಹಾಯಕ, ಗನ್ನು-ಬಾಂಬು ನೋಡಿಕೊಳ್ಳುವ ಆರ್ಮರರ್. ಇವರ ಒಂದು ದಿನದ ಕೆಲಸ ಹೀಗೆ ಸಾಗಬೇಕು.

ಬೆಳಗಿನ ಮೊದಲ ಕೆಲಸ ಪ್ರೊಪೆಲರ್ ತಿರುಗಿಸುವುದು. ಇದನ್ನು ಎಂದೂ ಬಿಡಬೇಡಿ. ಈ ವಿಮಾನದ ಆರ್-2800 ಎಂಜಿನ್ನಿನ 18 ಸಿಲಿಂಡರ್‌ಗಳು ವೃತ್ತಾಕಾರದಲ್ಲಿವೆ. ರಾತ್ರಿಯಿಡೀ ನಿಂತರೆ ಆಯಿಲ್ ಜಿನುಗಿ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯನ್ನು ಒತ್ತಬಹುದು, ಆಯಿಲನ್ನು ಒತ್ತಲಾಗದು. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಗ್ನಿಷನ್ ಆಫ್ ಇದೆಯೆಂದು ಕಣ್ಣಾರೆ ನೋಡಿ, ಹತ್ತು-ಹನ್ನೆರಡು ಬ್ಲೇಡ್ ದಾಟುವಷ್ಟು ಕೈಯಿಂದ ನಿಧಾನವಾಗಿ ತಿರುಗಿಸಿ. ಕೈಗೆ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಬೇಡಿ, ಹಿಂದಕ್ಕಂತೂ ತಿರುಗಿಸಲೇಬೇಡಿ: ಹಿಂದಕ್ಕೆ ತಿರುಗಿಸಿದರೆ ಆಯಿಲ್ ಸಿಲಿಂಡರ್‌ಗೆ ಗಾಳಿ-ಪೆಟ್ರೋಲ್ ತರುವ ಇಂಟೇಕ್ ಪೈಪಿಗೆ ಸರಿದು ಅಡಗಿ ಕೂರುತ್ತದೆ, ಎಂಜಿನ್ ಹೊತ್ತಿಕೊಂಡೊಡನೆ ಮತ್ತೆ ಒಳಗೆ ಬರುತ್ತದೆ. ಕೆಳಗಿನ ಸಿಲಿಂಡರ್‌ಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಸುರಿದುಹೋಗಲು ಬಿಡುವುದೊಂದೇ ದಾರಿ. ಒಟ್ಟು 36 ಪ್ಲಗ್‌ಗಳಲ್ಲಿ ಕೈಗೆ ಎಟುಕದವೂ ಇವೆ, ಆದರೂ ಎಂಜಿನ್ ಬದಲಿಸುವುದಕ್ಕಿಂತ ಇದು ವಾಸಿ.

ವಿಮಾನ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಉರುಳುತ್ತಾ ಸಾಗುವಾಗ, ಕ್ರೂ ಚೀಫ್ ರೆಕ್ಕೆಯ ಮೇಲೆ ಕೂತು ಕೈಸನ್ನೆ ಮಾಡಬೇಕು. ಬಾಲ ನೆಲದಲ್ಲಿದ್ದಾಗ ಆ ದಪ್ಪ ಮೂತಿಯಿಂದಾಗಿ ಪೈಲಟ್‌ಗೆ ಎದುರಿನದೇನೂ ಕಾಣುವುದಿಲ್ಲ.

ಇಳಿದ ಕೂಡಲೇ ಟ್ಯಾಂಕ್ ತುಂಬಿಸಿ, ಸಂಜೆಗೆಂದು ಇಡಬೇಡಿ. ಖಾಲಿ ಟ್ಯಾಂಕಿನ ಗಾಳಿಯ ತೇವ ರಾತ್ರಿಯ ತಂಪಿಗೆ ನೀರಾಗಿ ತಳ ಸೇರುತ್ತದೆ. ಗುಳ್ಳೆಯಾಕಾರದ ಕ್ಯಾನೊಪಿಯ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಮಾದರಿಗೆ ಒಳಗಿನ ಟ್ಯಾಂಕ್‌ಗಳಲ್ಲೇ 370 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 1,400 ಲೀಟರ್ ಹಿಡಿಸುತ್ತದೆ. ಮೊದಲು ಅರ್ಥಿಂಗ್ ತಂತಿ ಸಿಕ್ಕಿಸಿ, ಆಮೇಲೆ ಮುಚ್ಚಳ ತೆಗೆಯಿರಿ. ಬೆಳಿಗ್ಗೆ ತಳದ ಡ್ರೈನ್‌ನಿಂದ ಸ್ವಲ್ಪ ಪೆಟ್ರೋಲ್ ಹಿಡಿದು ನೀರಿದೆಯೇ ನೋಡಿ.

ಎಂಟು ಗನ್‌ಗಳಿಗೆ ತಲಾ 425ರವರೆಗೆ ಗುಂಡು ತುಂಬಬಹುದು. ಬಾಂಬು ಹೊರುವಾಗ ತೂಕ ನೋಡಿ ಕಡಿಮೆ ಮಾಡಿ. ಬೆಲ್ಟನ್ನು ಪೆಟ್ಟಿಗೆಗೆ ಮಡಚುವಾಗ ಬೆರಳಾಡಿಸುತ್ತಾ ಹೋಗಿ. ಒಂದೇ ಒಂದು ಗುಂಡು ಸಾಲು ತಪ್ಪಿ ಮುಂದಕ್ಕೆ ಚಾಚಿದ್ದರೂ ಗನ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಕಾಶದಲ್ಲಿ ಅದನ್ನು ಬಿಡಿಸುವವರಿಲ್ಲ.

ಪೈಲಟ್ ಹೇಳಿದ ದೋಷವನ್ನು ಅವನೆದುರಿಗೇ ವಿಮಾನದ ಸ್ಥಿತಿ ದಾಖಲಿಸುವ ಫಾರ್ಮ್ 1ಎಯಲ್ಲಿ ಬರೆಯಿರಿ. ಕೆಂಪು ಓರೆಗೆರೆಯಿದ್ದರೆ ದೋಷವಿದ್ದೂ ಹಾರಬಹುದು, ಕೆಂಪು ಅಡ್ಡಗೆರೆಯಿದ್ದರೆ ತಪಾಸಣೆ ಬಾಕಿ, ಕೆಂಪು ಕತ್ತರಿ ಗುರುತಿದ್ದರೆ ಹಾರುವಂತಿಲ್ಲ. ಮುಂದಿನ ಸರದಿಗೆ ಎಷ್ಟೇ ಅವಸರವಿರಲಿ, ಅಧಿಕಾರವುಳ್ಳವರು ನೋಡಿ ಸಹಿ ಹಾಕುವವರೆಗೆ ಆ ಕತ್ತರಿ ಗುರುತು ಹಾಗೇ ಇರಬೇಕು.