ನಿರುದ್ಯೋಗ ವಿಮೆ ನಿಧಿ ಗಟ್ಟಿಯಾಗಿದೆಯಾ? ನೋಡುವುದು ಹೀಗೆ

ಅಮೆರಿಕದ ಯಾವುದೇ ರಾಜ್ಯದ ನಿಧಿಯಾಗಲಿ, ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ. ಬಹುತೇಕ ಕಡೆ ಕಂಪನಿಗಳೇ ತೆರಿಗೆ ಕಟ್ಟುತ್ತವೆ; ನೌಕರರ ಸಂಬಳದಿಂದಲೂ ಹಿಡಿಯುವುದು ಅಲಾಸ್ಕಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ ಮಾತ್ರ. ಜಾಸ್ತಿ ಜನರನ್ನು ಕೆಲಸದಿಂದ ತೆಗೆದ ಕಂಪನಿಗೆ ಸಾಮಾನ್ಯವಾಗಿ ದರವೂ ಜಾಸ್ತಿ. ನ್ಯಾಯವೇ ಅಲ್ವಾ?

ಆಮೇಲೆ ಎಷ್ಟು ಸಂಬಳದವರೆಗೆ ತೆರಿಗೆ ಬೀಳುತ್ತದೆ ಅಂತ ನೋಡಿ. ಜನ ಮರೆಯುವುದು ಇದನ್ನೇ. ಇದೇ ವಿಮೆಗೆಂದು ಕಂಪನಿಗಳು ಕಟ್ಟುವ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ತೆರಿಗೆ ಬೀಳುವುದು ಪ್ರತಿ ನೌಕರನ ವರ್ಷದ ಮೊದಲ 7,000 ಡಾಲರ್ ಮೇಲೆ ಮಾತ್ರ, 1983ರಿಂದ ಅದು ಅಲ್ಲೇ ನಿಂತಿದೆ. ರಾಜ್ಯದ ಮಿತಿಯೂ ಹಾಗೇ ನಿಂತುಬಿಟ್ಟರೆ, ಸಂಬಳದ ಜೊತೆ ಕೆಲಸ ಕಳೆದುಕೊಂಡವರಿಗೆ ಕೊಡುವ ಪರಿಹಾರದ ಮೊತ್ತ ಏರುತ್ತಾ ಹೋಗುತ್ತದೆ, ನಿಧಿಗೆ ಬರುವ ಹಣ ಮಾತ್ರ ಏರುವುದಿಲ್ಲ. ನನ್ನ ಪ್ರಕಾರ ನಿಧಿ ಸೊರಗುವುದಕ್ಕೆ ಇದೇ ದೊಡ್ಡ ಕಾರಣ.

ವಸೂಲಾದ ಹಣ ಫೆಡರಲ್ ಖಜಾನೆಯಲ್ಲಿ ರಾಜ್ಯದ ಹೆಸರಿನ ಖಾತೆಯಲ್ಲಿರುತ್ತದೆ, ಬಡ್ಡಿಯೂ ಸೇರುತ್ತದೆ.

ಇನ್ನು ಮೀಸಲು. ಹಿಂದಿನ ಆರ್ಥಿಕ ಕುಸಿತಗಳಷ್ಟೇ ಖರ್ಚು ಮತ್ತೆ ಬಂದರೆ ಇರುವ ಹಣ ಒಂದು ವರ್ಷ ಸಾಕಾಗುತ್ತದಾ? ಸರಿಯಾಗಿ ಒಂದು ವರ್ಷಕ್ಕೆ ಸಾಕಾದರೆ ಮೀಸಲಿನ ಅಳತೆ 1.0 ಅಂತ ಲೆಕ್ಕ. ಕಡಿಮೆಯಿದ್ದರೆ ಫೆಡರಲ್ ಸಾಲಕ್ಕೆ ಕೈಚಾಚಬೇಕಾಗಬಹುದು, ಅದು ಎರಡು ವರ್ಷವಾದರೂ ತೀರದಿದ್ದರೆ ಅಲ್ಲಿನ ಕಂಪನಿಗಳ ಫೆಡರಲ್ ತೆರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 0.3ರಷ್ಟು ಏರುತ್ತಾ ಹೋಗುತ್ತದೆ.