ಡಬ್ಲಿನ್‌ನ ಫೀನಿಕ್ಸ್ ಪಾರ್ಕ್: ಮಕ್ಕಳ ಮನೆಗೆ ಹೋದವರು ನೋಡುವ ಬಗೆ

ಮುಂಬೈಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಮೊನ್ನೆ ಸಿಕ್ಕ ಗೆಳತಿಯೊಬ್ಬರು ಕೇಳಿದರು: "ಮುಂದಿನ ತಿಂಗಳು ಡಬ್ಲಿನ್‌ಗೆ ಹೊರಟಿದ್ದೇವೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಏನ್ರೀ ಮಾಡೋದು?" ಫೀನಿಕ್ಸ್ ಪಾರ್ಕ್‌ಗೆ ಹೋಗಿ ಅಂದೆ. ಕಳೆದ ವರ್ಷ ಮಗಳ ಮನೆಯಲ್ಲಿ ಮೂರು ತಿಂಗಳಿದ್ದಾಗ ನಾವಿಬ್ಬರೂ ವಾರಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆವು.

ನಮ್ಮ ಫೈವ್ ಗಾರ್ಡನ್ಸ್ ಥರ ಒಂದು ಸುತ್ತು ಹಾಕಿ ಬರುವ ಜಾಗ ಅಂದುಕೊಳ್ಳಬೇಡಿ. 707 ಹೆಕ್ಟೇರ್ ಇದೆ. ಸುತ್ತಲಿನ ಗೋಡೆಯೇ 11 ಕಿಲೋಮೀಟರ್. ಮೊದಲ ದಿನ ಎಲ್ಲವನ್ನೂ ನೋಡಿಬಿಡೋಣ ಅಂತ ಹೊರಟೆವು. ಅರ್ಧ ದಾರಿಯಲ್ಲಿ ನಮ್ಮ ಮನೆಯವರಿಗೆ ಮಂಡಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು. ಮಗಳು ಆಫೀಸು ಬಿಟ್ಟು ಟ್ಯಾಕ್ಸಿಯಲ್ಲಿ ಬರಬೇಕಾಯಿತು. ಅದಕ್ಕೇ ಹೇಳುವುದು, ಒಂದು ದಿನಕ್ಕೆ ಒಂದೇ ದಾರಿ ಸಾಕು.

ಲುವಾಸ್ ಟ್ರಾಮ್‌ನ ರೆಡ್ ಲೈನ್ ಹತ್ತಿ ಹ್ಯೂಸ್ಟನ್‌ನಲ್ಲಿ ಇಳಿಯಿರಿ. ಅಲ್ಲಿಂದ ಪಾರ್ಕ್‌ಗೇಟ್ ರಸ್ತೆಯ ಬಾಗಿಲಿಗೆ ನಿಧಾನವಾಗಿ ನಡೆದರೂ ಜಾಸ್ತಿ ಹೊತ್ತು ಬೇಡ. ಒಳಗೆ ಹೋದರೆ ನೇರ ರಸ್ತೆ, ಚೆಸ್ಟರ್‌ಫೀಲ್ಡ್ ಅವೆನ್ಯೂ. ಅದನ್ನು ಬಿಡಬೇಡಿ.

ಮೊದಲು ಎಡಗಡೆ 62 ಮೀಟರ್ ಎತ್ತರದ ಕಲ್ಲಿನ ಕಂಬ ಕಾಣುತ್ತದೆ. ಅದು ಬ್ರಿಟಿಷ್ ಸೇನಾನಿ ವೆಲಿಂಗ್ಟನ್‌ನ ಸ್ಮಾರಕ. ಹತ್ತಿರ ಹೋಗಿ ಬುಡದಲ್ಲಿರುವ ಕಂಚಿನ ಫಲಕಗಳನ್ನು ಒಂದೊಂದಾಗಿ ನೋಡಿ. ನೆಪೋಲಿಯನ್ ಸೋತ ವಾಟರ್ಲೂ ಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು. ಒಂದರಲ್ಲಿ ಭಾರತದ ಯುದ್ಧಗಳಿವೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಈ ವೆಲಿಂಗ್ಟನ್ನೂ ಇದ್ದ. ಆಗ ಅವನು ಆರ್ಥರ್ ವೆಲೆಸ್ಲಿ. ನನ್ನ ತವರು ಮಂಡ್ಯ. ಅಷ್ಟು ದೂರ ಹೋಗಿ ಅಲ್ಲಿ ನಮ್ಮ ಕಾವೇರಿ ದಡ ನೆನಪಾಯಿತು. ಅವತ್ತು ನಾನು ಅಲ್ಲಿಂದ ಬೇಗ ಏಳಲಿಲ್ಲ.

ಬಲಗಡೆ 1831ರಲ್ಲಿ ಶುರುವಾದ ಮೃಗಾಲಯ ಇದೆ. ಮೊಮ್ಮಕ್ಕಳು ಜೊತೆಗಿದ್ದರೆ ಅದಕ್ಕೇ ಒಂದು ದಿನ ಇಟ್ಟುಕೊಳ್ಳಿ.

ಇನ್ನೂ ಮುಂದೆ, ರಸ್ತೆಯ ನಟ್ಟನಡುವೆ, ತಲೆಯ ಮೇಲೆ ಹಕ್ಕಿ ಕೂತ ಕಂಬ ಬರುತ್ತದೆ. ಪಾರ್ಕಿನ ಹೆಸರು ಐರಿಷ್ ಭಾಷೆಯ 'ಫಿಯನ್ ಉಶ್ಕೆ', ಅಂದರೆ ತಿಳಿನೀರು, ಅನ್ನುವುದರಿಂದ ಬಂದದ್ದಂತೆ. ಇಂಗ್ಲಿಷರ ಕಿವಿಗೆ ಅದು ಫೀನಿಕ್ಸ್, ಅಂದರೆ ಬೂದಿಯಿಂದ ಮತ್ತೆ ಹುಟ್ಟಿಬರುವ ಕಥೆಯ ಹಕ್ಕಿ, ಆಯಿತು. ನಮ್ಮ ಮುಂಬೈಯಲ್ಲಿ ಶೀವ ಅನ್ನುವ ಊರು ಸಾಯನ್ ಆಯಿತಲ್ಲ, ಹಾಗೆ. ಐರ್ಲೆಂಡಿನಲ್ಲಿ ಬ್ರಿಟಿಷ್ ದೊರೆಯ ಪ್ರತಿನಿಧಿಯಾಗಿದ್ದ ಲಾರ್ಡ್ ಚೆಸ್ಟರ್‌ಫೀಲ್ಡ್ 1747ರಲ್ಲಿ ಅದೇ ಹಕ್ಕಿಯನ್ನು ಕಂಬದ ಮೇಲೆ ಕೂರಿಸಿದ.

ಇಲ್ಲಿ ಹತ್ತು ನಿಮಿಷ ನಿಲ್ಲಿ. 1929ರಲ್ಲಿ ಇಲ್ಲಿ ಐರಿಷ್ ಗ್ರ್ಯಾನ್ ಪ್ರೀ ಕಾರ್ ರೇಸ್ ನಡೆಯಿತು. ಕಂಬ ಅಡ್ಡ ಬರುತ್ತದೆ ಅಂತ ಅದನ್ನೇ ಎತ್ತಿ ಬೇರೆ ಕಡೆ ಇಟ್ಟರು! ಎಷ್ಟೋ ವರ್ಷ ಆದ ಮೇಲೆ ಮತ್ತೆ ಹಳೆಯ ಜಾಗಕ್ಕೆ ತಂದರು. 1930ರಲ್ಲಿ ಜರ್ಮನಿಯ ಕರಾಚಿಯೋಲಾ ಇಲ್ಲಿ ಮರ್ಸಿಡೀಸ್ ಓಡಿಸಿ ಗೆದ್ದ. ಈಗ ಅದೇ ಪಾರ್ಕಿನ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಜಿಂಕೆಗಳನ್ನು ನೋಡಲು ಫಿಫ್ಟೀನ್ ಏಕರ್ಸ್ ಅನ್ನುವ ಬಯಲಿಗೆ ಹೋಗಿ. ಹೆಸರಿಗೆ ಹದಿನೈದು ಎಕರೆ, ನಿಜಕ್ಕೂ ಎಷ್ಟೋ ಪಾಲು ದೊಡ್ಡದು. 17ನೇ ಶತಮಾನದಲ್ಲಿ ತಂದು ಬಿಟ್ಟ ಜಿಂಕೆಗಳ ಸಂತಾನ ಈಗಲೂ ನೂರಾರು ಇವೆ. ದಯವಿಟ್ಟು ಅವಕ್ಕೆ ಏನೂ ತಿನ್ನಿಸಬೇಡಿ. ಕ್ಯಾರೆಟ್ ಕೂಡ ಬೇಡ. ಬೊರಿವಲಿಯ ನ್ಯಾಷನಲ್ ಪಾರ್ಕ್‌ನಲ್ಲಿ ಕೋತಿಗಳು ಚೀಲಕ್ಕೆ ಕೈ ಹಾಕುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಆ ಅಭ್ಯಾಸ ಮಾಡಿಸಿದ್ದು ನಾವೇ. ಅಲ್ಲಿನವರು 50 ಮೀಟರ್ ದೂರ ಇರಿ ಅನ್ನುತ್ತಾರೆ. ಜೂನ್‌ನಲ್ಲಿ ಹುಲ್ಲಿನಲ್ಲಿ ಮರಿ ಒಂಟಿಯಾಗಿ ಮಲಗಿದ್ದರೆ ಮುಟ್ಟಬೇಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ.

ಛತ್ರಿ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೈನ್‌ಕೋಟ್ ಇರಲಿ. ಚಪಾತಿ, ಪಲ್ಯ ಕಟ್ಟಿಕೊಳ್ಳಿ, ಫ್ಲಾಸ್ಕಿನಲ್ಲಿ ಚಹಾ. ಚಳಿಗಾಲದಲ್ಲಿ ಹೋದವರು ಸಂಜೆ ನಾಲ್ಕೂವರೆಯವರೆಗೆ ಕಾದು, ಬಂದ ರಸ್ತೆಯಲ್ಲೇ ಹಿಂದಿರುಗಿ. ಗ್ಯಾಸ್ ದೀಪಗಳು ಹತ್ತಿರುತ್ತವೆ.